ಕಸವೆಂದು ಬರೆದ ಸಿಂಪಿಚಿಪ್ಪು

ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಸಿಕ್ಕಾಗಲೆಲ್ಲ ಕೇಳ್ತಾರೆ, ಆಂಟಿ, ಇಷ್ಟು ವರ್ಷ ಮಾಡಿದ್ರಲ್ಲ, ನಮಗೇನಾದರೂ ಹೇಳ್ರಿ ಅಂತ. ನಾನು ಹೇಳೋದು ಒಂದೇ ಮಾತು. ಕಾಲಿಗೆ ಸರಿಯಾಗಿ ಕೂಡೋ ಬೂಟು ತಗೊಳ್ರಿ. ಅವರು ನಕ್ಕು ಸುಮ್ಮನಾಗ್ತಾರೆ. ನಾನೇನೂ ತಮಾಷೆ ಮಾಡಿದ್ದಲ್ಲ. ನಾನು ಸೇರಿದಾಗ ನನ್ನ ಅಳತೆಯ ಬೂಟು ಆ ಆಫೀಸಿನಲ್ಲಿ ಇರಲೇ ಇಲ್ಲ. ಗಂಡಸರ ಬೂಟಿನೊಳಗೆ ಎರಡು ಜೊತೆ ಉಣ್ಣೆ ಕಾಲುಚೀಲ ತುರುಕಿಕೊಂಡು ಮೊದಲ ಚಳಿಗಾಲ ಕಳೆದೆ. ಈಗ ನಿವೃತ್ತಿಯಾಗಿ ಇಲ್ಫರ್ಡಿನ ಮನೆಯಲ್ಲಿ ಕೂತಿದ್ದೀನಿ, ಪುರುಸೊತ್ತಿದೆ, ಬೂಟಿನ ಮುಂದಿನದ್ದನ್ನೂ ಹೇಳಿಬಿಡ್ತೀನಿ. ಯಾವಾಗ ಸೀನಿಯರ್ ಆದೆ, ಯಾವಾಗ ಕಿಟಕಿ ಪಕ್ಕದ ಮೇಜು ಸಿಕ್ಕಿತು ಅನ್ನೋ ಕತೆ ಯಾರಿಗೆ ಬೇಕು. ನಾನು ಮಾಡಿದ ಒಂದು ದೊಡ್ಡ ತಪ್ಪಿನ ಕತೆ ಹೇಳ್ತೀನಿ, ಅದು ನಿಮಗೆ ಉಪಯೋಗಕ್ಕೆ ಬರ್ತದೆ.

ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಮೊದಲು ಅದು. ಲಂಡನ್ನಿನಲ್ಲಿ ಯಾವ ಕಟ್ಟಡ ಏಳಬೇಕಾದರೂ ಮೊದಲು ನೆಲಕ್ಕೆ ಬೋರು ಹಾಕ್ತಾರೆ. ನೀರಿಗಲ್ಲ, ಮಣ್ಣಿಗೆ. ಮೇಲೆ ಬಂದ ಮಣ್ಣನ್ನು ಒಬ್ಬರು ಕೈಯಲ್ಲಿ ಹಿಡಿದು, ಹಿಸುಕಿ, ಮೂಸಿ ನೋಡಿ, ಇಷ್ಟು ಆಳದಲ್ಲಿ ಇಂಥ ಮಣ್ಣು ಅಂತ ಹಾಳೆಯಲ್ಲಿ ಬರೀಬೇಕು. ಆ ಹಾಳೆ ನೋಡಿಕೊಂಡು ಎಂಜಿನಿಯರು ಅಡಿಪಾಯದ ಲೆಕ್ಕ ಹಾಕ್ತಾನೆ. ಹಾಳೆ ಬರೆಯೋ ಆ ಒಬ್ಬಳು ನಾನು. ಧಾರವಾಡದಲ್ಲಿ ಭೂವಿಜ್ಞಾನ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಪಾರ್ಕ್ ರಾಯಲ್‌ನ ಸಮೋಸಾ ಫ್ಯಾಕ್ಟರಿಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಎಂಟು ವರ್ಷ ಪ್ಯಾಕಿಂಗ್ ಮಾಡಿದ ಮೇಲೆ ಈ ಕೆಲಸ ಸಿಕ್ಕಿತ್ತು. ಆರು ತಿಂಗಳು ನೋಡ್ತೀವಿ, ಆಮೇಲೆ ಇಟ್ಟುಕೊಳ್ಳೋದೋ ಬಿಡೋದೋ ಹೇಳ್ತೀವಿ ಅಂದಿದ್ದರು. ಮತ್ತೆ ಆ ಸಮೋಸಾದ ಬೆಲ್ಟಿನ ಮುಂದೆ ಹೋಗಿ ನಿಲ್ಲೋದಿಲ್ಲ ಅಂತ ನಾನು ನಿರ್ಧಾರ ಮಾಡಿದ್ದೆ.

ಇಟ್ಟುಕೊಳ್ಳೋದೋ ಬಿಡೋದೋ ಹೇಳೋ ಅಧಿಕಾರ ಇದ್ದದ್ದು ನಮ್ಮ ಮೇಲಧಿಕಾರಿ ಹ್ಯಾರಿಸ್ ಅವರಿಗೆ. ಉದ್ದಕ್ಕೆ ಬಿದಿರು ಗಳದ ಹಾಗಿದ್ದರು, ಮಾತು ಮಾತ್ರ ಗಿಡ್ಡ. ಮೊದಲ ದಿನ ನನ್ನ ಕೈಯಿಂದ ಪೆನ್ಸಿಲ್ಲು, ರಬ್ಬರು ಎರಡೂ ಇಸಕೊಂಡು ಒಂದು ಪೆನ್ನು ಕೊಟ್ಟರು. ತಪ್ಪು ಬರೆದರೆ ಅಳಿಸೋ ಹಾಗಿಲ್ಲ, ಗೀಚೋ ಹಾಗಿಲ್ಲ, ಹಾಳೆ ಹರಿಯೋ ಹಾಗಂತೂ ಇಲ್ಲವೇ ಇಲ್ಲ. ಒಂದೇ ಒಂದು ಗೆರೆ ಹೊಡೀಬೇಕು, ಕೆಳಗಿನದ್ದು ಓದಲಿಕ್ಕೆ ಬರೋ ಹಾಗೆ. ಪಕ್ಕದಲ್ಲಿ ಸರಿಯಾದದ್ದು ಬರೆದು, ತಪ್ಪು ಯಾರದು ಅಂತ ಹೇಳಿ, ಸಹಿ ಹಾಕಬೇಕು. ಅಷ್ಟು ಹೇಳಿ ಅವರು ಟೀ ಕುಡಿಯಲಿಕ್ಕೆ ಹೋದರು. ನನಗೆ ಇದು ಸ್ವಲ್ಪ ಅತಿಯಾಯಿತು ಅನ್ನಿಸಿತ್ತು.

ಮಣ್ಣಿನ ಕೈಗುಣ ನನಗೆ ಬೇಗ ಬಂತು. ಜೇಡಿಮಣ್ಣು ಎಷ್ಟು ಅಂಟು ಅಂತ ತಿಳೀಬೇಕಾದರೆ ಅಂಗೈಯಲ್ಲಿ ಎಳೆ ಹೊಸೆದು ನೋಡಬೇಕು, ಎಲ್ಲಿ ಮುರೀತದೆ ಅಂತ. ಶಾವಿಗೆ ಹೊಸೆದ ಕೈಗೆ ಇದೇನು ಮಹಾ. ಬೋರು ಹಾಕೋ ಡೆನ್ನಿಸ್ ಅನ್ನೋ ಡ್ರಿಲ್ಲರು ನನ್ನ ಎಳೆ ನೋಡಿ ಬೆರಗಾಗಿ, ಇನ್ನೊಂದು ಮಾಡು ಅಂತ ಕೇಳ್ತಿದ್ದ. ಅವನೇ ನನಗೆ ಲಂಡನ್ನಿನ ಕಸ ಓದೋದು ಕಲಿಸಿದವನು. ಸ್ಟ್ರಾಟ್‌ಫರ್ಡಿನ ಸುತ್ತಮುತ್ತ ನಾಲ್ಕೈದು ತಿಂಗಳು ನಾವು ಹಾಕಿದ ಬೋರೆಲ್ಲ ಹಳೇ ಕಾಲದವರು ಸುರಿದ ಮಣ್ಣಿನಲ್ಲೇ. ಗಾಜು, ಮೂಳೆ, ಇಟ್ಟಿಗೆ ಚೂರು, ಇದ್ದಿಲು, ಜೊತೆಗೆ ಸಿಂಪಿಚಿಪ್ಪು. ಒಂದು ಕಾಲಕ್ಕೆ ಇಲ್ಲಿಯ ಬಡವರು ಸಿಂಪಿ ತಿಂದು ಚಿಪ್ಪು ಎಲ್ಲೆಂದರಲ್ಲಿ ಎಸೀತಿದ್ದರಂತೆ. ಚಿಪ್ಪು ಕಂಡರೆ ಕಸ ಅಂತ ಬರಿ, ಯೋಚನೆ ಮಾಡಬೇಡ ಅಂದಿದ್ದ ಡೆನ್ನಿಸ್. ನಾನು ಲಿಂಗಾಯತರ ಮನೆಯವಳು, ಸಿಂಪಿ ತಿನ್ನೋದಿರಲಿ, ಕೈಯಲ್ಲಿ ಹಿಡಿದು ನೋಡಿದವಳೂ ಅಲ್ಲ. ಅವನ ಮಾತು ನಂಬಿದೆ.

ಆರನೇ ತಿಂಗಳಲ್ಲಿ ಹಾರ್ನ್‌ಚರ್ಚ್ ಕಡೆಯ ಕೆಲಸ ಬಂತು. ಒಂದು ಹೊಲ, ಅದರಲ್ಲಿ ಕಿವಿ ಕೇಳದ ಮಕ್ಕಳಿಗೆ ಶಾಲೆ ಕಟ್ಟಬೇಕು ಅಂತ ಕೌನ್ಸಿಲ್ಲಿನವರ ಯೋಜನೆ. ಅದರ ಹಿಂದೆ ಬಿದ್ದು ವರ್ಷಗಟ್ಟಲೆ ಪತ್ರ ಬರೆದವಳು ಮೊರೀನ್ ಅನ್ನೋ ತಾಯಿ. ಬೋರು ಹಾಕ್ತಿದ್ದ ಎರಡು ದಿನವೂ ಅವಳು ನಮಗೆ ಫ್ಲಾಸ್ಕಿನಲ್ಲಿ ಟೀ ತಂದಳು. ಅವಳ ಮಗಳು ಕೆಲ್ಲಿಗೆ ಒಂಬತ್ತು ವರ್ಷ. ದಿನಾ ಲಂಡನ್ನಿನ ಆ ತುದಿಯ ಶಾಲೆಗೆ ವ್ಯಾನಿನಲ್ಲಿ ಹೋಗಿ, ವಾಪಸು ಬರುವಾಗ ಹಸಿದು ಸುಸ್ತಾಗಿ ನಿದ್ದೆ ಹೋಗಿರ್ತಿದ್ದಳಂತೆ. ಇಲ್ಲಿ ಶಾಲೆಯಾದರೆ ನಡೆದೇ ಹೋಗ್ತಾಳೆ ಅಂತ ಮೊರೀನ್ ಹತ್ತು ಸಲ ಹೇಳಿದಳು.

ಬೋರಿನಿಂದ ಬಂದ ಮಣ್ಣು ನೋಡಿ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬೂದು ಬಣ್ಣದ ಜೇಡಿ, ಅದರೊಳಗೆ ಸೀಮೆಸುಣ್ಣದಂಥ ಬಿಳಿ ಸುಣ್ಣಕಲ್ಲಿನ ಉಂಡೆ, ಚಕಮಕಿ ಕಲ್ಲು, ಇಟ್ಟಿಗೆಯಂಥ ಕೆಂಪು ಚೂರು, ಇದ್ದಿಲಿನಂಥ ಕರಿ ಚೂರು, ಸಾಲದ್ದಕ್ಕೆ ಸಿಂಪಿಚಿಪ್ಪು. ನಮ್ಮ ಕಡೆ ನೆಲ ಸುಳ್ಳು ಹೇಳೋದಿಲ್ಲ. ಕೆಳಗೆ ಯಾವ ಕಲ್ಲೋ ಮೇಲೆ ಅದೇ ಕಲ್ಲಿನ ಮಣ್ಣು, ಕರಿ ಎರೆ ಇದ್ದಲ್ಲಿ ಎರೆ, ಕೆಂಪು ಮಸಾರಿ ಇದ್ದಲ್ಲಿ ಮಸಾರಿ. ಒಂದು ಮುಷ್ಟಿಯಲ್ಲಿ ಐದು ಥರದ ಕಲ್ಲು ಬಂತು ಅಂದರೆ ಯಾರೋ ಗಾಡಿಯಲ್ಲಿ ತಂದು ಸುರಿದಿದ್ದಾರೆ ಅಂತಲೇ ಅರ್ಥ. ಬೇಲಿಯ ಆಚೆ ಹಳೇ ಕಸದ ಗುಂಡಿ ಬೇರೆ ಇತ್ತು. ಬರೆದೆ: ಸುರಿದ ಮಣ್ಣು, ಇಟ್ಟಿಗೆ, ಇದ್ದಿಲು, ಅಡುಗೆಮನೆಯ ಸಿಂಪಿಚಿಪ್ಪು, ಹಳೇ ಕಸ. ಹ್ಯಾರಿಸ್ ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾನೇ ಕೆಳಗೆ ಸಹಿ ಹಾಕಿದರು. ಎಲ್ಲಿ ಯಾವ ಮಣ್ಣು ಅಂತ ಬಣ್ಣದಲ್ಲಿ ತೋರಿಸೋ ನೆಲದ ನಕ್ಷೆ ಇದ್ದ ಡ್ರಾಯರನ್ನು ಅವರೂ ಎಳೆಯಲಿಲ್ಲ, ನಾನೂ ಎಳೆಯಲಿಲ್ಲ.

ಸೈಟಿನಿಂದ ಸಾಮಾನು ಎತ್ತೋ ದಿನ ಮೊರೀನ್ ಕೇಳಿದಳು, ನಾನು ಹೇಳಿದೆ. ಹೇಳಬಾರದಿತ್ತು, ಆದರೆ ಎರಡು ದಿನ ಅವಳ ಟೀ ಕುಡಿದಿದ್ದೆ. ಕಸದ ಮೇಲೆ ಮಕ್ಕಳ ಶಾಲೆ ಕಟ್ಟೋದಿಲ್ಲ, ಶುಕ್ರವಾರ ವರದಿ ಕೌನ್ಸಿಲ್ಲಿಗೆ ಹೋದರೆ ಈ ಜಾಗ ಕೈಬಿಡ್ತಾರೆ ಅಂದೆ. ಅವಳು ಅಳ್ತಾಳೆ ಅಂತ ಅಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

"ನಮ್ಮಜ್ಜ ಈ ಹೊಲದಲ್ಲಿ ಆಲೂಗಡ್ಡೆ ಬೆಳೀತಿದ್ದ. ಅವನಪ್ಪನೂ ಇಲ್ಲೇ. ಕಸ ಸುರಿದದ್ದು ಬೇಲಿ ಆಚೆ. ಈಚೆ ಯಾರೂ ಏನೂ ಸುರಿದಿಲ್ಲ. ಇದನ್ನು ತಂದವರು ಯಾರು, ನೀನೇ ಹೇಳು."

ಮನೆಗೆ ಬರೋ ದಾರಿಯುದ್ದಕ್ಕೂ ಆ ಪ್ರಶ್ನೆ ಬೂಟಿನೊಳಗಿನ ಹರಳಿನ ಹಾಗೆ ಚುಚ್ಚಿತು. ಉಳಿದ ಮಣ್ಣಿನ ಒಂದು ಚೀಲ ಮನೆಗೇ ತಂದಿದ್ದೆ. ಅಡುಗೆಮನೆಯ ಸಿಂಕಿನಲ್ಲಿ ನೀರು ಬಿಟ್ಟು, ಹಿಟ್ಟಿನ ಸಾಣಿಗೆಯಲ್ಲಿ ಮಣ್ಣು ತೊಳೆದು, ಕಲ್ಲನ್ನೆಲ್ಲ ಅತ್ತೆಯವರ ಮರದಲ್ಲಿ, ಅಂದರೆ ಮೊರದಲ್ಲಿ, ಹಾಕಿದೆ. ಅತ್ತೆಯವರು ಆ ವರ್ಷ ನಮ್ಮ ಜೊತೆಗಿದ್ದರು. ಜೋಳ ಹಸನು ಮಾಡೋ ಮರ ಅದು, ಊರಿನಿಂದ ವಿಮಾನದಲ್ಲಿ ತಂದದ್ದು. ಅದರಲ್ಲಿ ಕೆಸರು ಕಲ್ಲು ನೋಡಿ ಅವರು ನನ್ನನ್ನು ಚೆನ್ನಾಗಿ ಬೈದರು. ಬೈದು ಮುಗಿದ ಮೇಲೆ ಸುಮ್ಮನೆ ಕೂರೋಕಾಗದೆ ಅಭ್ಯಾಸದಂತೆ ಅವರೇ ಹಸನು ಮಾಡೋಕೆ ಕೂತರು. ಬಿಳಿ ಒಂದು ಕಡೆ, ಕರಿ ಒಂದು ಕಡೆ, ಕೆಂಪು ಒಂದು ಕಡೆ. ಸಿಂಪಿಚಿಪ್ಪು ಕೈಗೆ ಬಂದಾಗ ಅವರ ಕೈ ನಿಂತಿತು. ಅಂಗೈಯಲ್ಲಿ ಎರಡು ಸಲ ಹಾರಿಸಿ ತೂಕ ನೋಡಿದರು.

"ಏನವಾ ಶಾಂತಾ, ಹಾಲಿನ ಗಡಗಿ ಕೆರಿಯೂ ಸಿಂಪಿ ಜೀವನಾಪೂರ್ತಿ ಕೈಯಾಗ ಹಿಡದೇನಿ. ಸಿಂಪಿ ಇಷ್ಟ ಭಾರ ಇರ್ತೈತೇನು? ಇದು ಕಲ್ಲು ಆಗೈತಿ."

ನಾನು ಇಸಕೊಂಡೆ. ಹೌದು, ಕಲ್ಲು. ಒಳಗೂ ಹೊರಗೂ ಕಲ್ಲು. ನೂರು ವರ್ಷದ ಹಿಂದೆ ಯಾರೋ ತಿಂದು ಎಸೆದ ಚಿಪ್ಪು ಕಲ್ಲಾಗೋದಿಲ್ಲ, ಅದಕ್ಕೆ ಕೋಟ್ಯಂತರ ವರ್ಷ ಬೇಕು. ಕೆಂಪು ಚೂರು ಉಗುರಿನಿಂದ ಕೆರೆದೆ, ಮರಳು ಉದುರಿತು, ಇಟ್ಟಿಗೆಯಲ್ಲ, ಮರಳುಗಲ್ಲು. ಕರಿ ಚೂರು ಇದ್ದಿಲಲ್ಲ, ಪದರಪದರವಾಗಿ ಬಿಚ್ಚೋ ಕಲ್ಲು. ಸುಣ್ಣಕಲ್ಲಿನ ಒಂದು ಮುಖ ನುಣ್ಣಗೆ ತೇಯ್ದು ಹೋಗಿತ್ತು, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಕಾಲೇಜಿನ ಪುಸ್ತಕದಲ್ಲಿ ಗೀರು ಬಿದ್ದ ಕಲ್ಲಿನ ಚಿತ್ರ ಒಂದಿತ್ತು. ಹಿಮನದಿಯ ಪಾಠ ಅದು. ನಮ್ಮ ಮೇಷ್ಟ್ರು ಆ ಪಾಠ ಪೂರ್ತಿ ಹಾರಿಸಿದ್ದರು, ಧಾರವಾಡದಾಗ ಹಿಮ ಎಲ್ಲಿ ಬೀಳ್ತೈತಿ, ಪರೀಕ್ಷಾಕ್ಕೂ ಬರೂದಿಲ್ಲ ಅಂತ. ನಮಗೂ ಅದೇ ಬೇಕಾಗಿತ್ತು.

ಮರುದಿನ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ನಕ್ಷೆಯ ಡ್ರಾಯರು ಎಳೆದೆ. ಹಾರ್ನ್‌ಚರ್ಚಿನ ಹತ್ತಿರ ಅಂಗೈಯಗಲ ಬೇರೆ ಬಣ್ಣ ಇತ್ತು. ಹಿಂದೆ ಒಂದು ಕಾಲದಲ್ಲಿ ಉತ್ತರದಿಂದ ಇಳಿದು ಬಂದ ಹಿಮದ ಹಾಸು ಇಲ್ಲಿಯವರೆಗೆ ಬಂದು ನಿಂತಿತ್ತು. ಅದರ ಬಾಲದ ತುದಿ ಆ ಹೊಲದ ಕೆಳಗೆ ಮಲಗಿತ್ತು. ನಾನು ಅದರ ಮೇಲೆ ಕಸ ಅಂತ ಬರೆದಿದ್ದೆ.

ಹ್ಯಾರಿಸ್ ಬಂದಾಗ ಮರದಲ್ಲಿದ್ದ ಕಲ್ಲೆಲ್ಲ ಅವರ ಮೇಜಿನ ಮೇಲೆ ಸುರಿದೆ. ಚಿಪ್ಪು ಕಲ್ಲಾಗಿರೋದು ತೋರಿಸಿದೆ, ಗೀರು ತೋರಿಸಿದೆ, ನಕ್ಷೆ ಬಿಚ್ಚಿಟ್ಟೆ. ಅವರ ಕಿವಿ ಕೆಂಪಾಯಿತು. ಬೇಲಿ ಆಚೆ ಕಸದ ಗುಂಡಿ ಇರುವಾಗ ನಾಲ್ಕು ಕಲ್ಲು ತೋರಿಸಿ ಕೌನ್ಸಿಲ್ಲನ್ನು ಒಪ್ಪಿಸೋಕಾಗಲ್ಲ ಅಂದರು. ಹಿಮದ ಮಣ್ಣನ್ನೇ ಅಗೆದು ತಂದು ಇಲ್ಲಿ ಸುರಿದಿದ್ದರೆ ಏನು ಮಾಡ್ತೀಯ ಅಂತಲೂ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಕೊನೆಗೆ ಒಂದು ದಿನ ಕೊಟ್ಟರು. ಗುರುವಾರ ಒಂದು ಗುಂಡಿ ಅಗೆಸು, ಮನುಷ್ಯನ ಕೈಯ ವಸ್ತು ಒಂದೇ ಒಂದು ಸಿಕ್ಕಿದರೂ ವರದಿ ಹೀಗೇ ಹೋಗ್ತದೆ. ಆಮೇಲೆ ನಿನ್ನ ಆರು ತಿಂಗಳ ವಿಷಯ ಮಾತಾಡೋಣ ಅಂದರು. ಅದರ ಅರ್ಥ ನನಗೆ ಗೊತ್ತಾಯಿತು.

ಗುರುವಾರ ಡೆನ್ನಿಸ್ ಡಿಗ್ಗರ್ ತಂದ. ಗುಂಡಿಯ ಗೋಡೆ ಮೈಮೇಲೆ ಬೀಳಬಾರದು ಅಂತ ಮೆಟ್ಟಿಲು ಮೆಟ್ಟಿಲಾಗಿ ಅಗಲ ಮಾಡಿಕೊಂಡು ಇಳಿಸಿದ. ಮೇಲೆ ಹ್ಯಾರಿಸ್ ಕೋಟಿನ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದರು. ಬೇಲಿಯ ಹತ್ತಿರ ಮೊರೀನ್, ಕೈಯಲ್ಲಿ ಅದೇ ಫ್ಲಾಸ್ಕು. ಎರಡು ಮೀಟರಿನವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಬಕೆಟ್ಟಿನ ಮಣ್ಣಿನಲ್ಲಿ ಏನೋ ಹೊಳೆಯಿತು. ನೀಲಿ ಹೂವಿನ ಪಿಂಗಾಣಿ ಚೂರು, ಟೀ ಕಪ್ಪಿನದು. ಹ್ಯಾರಿಸ್ ಅದನ್ನೆತ್ತಿ ನನ್ನ ಕಡೆ ಹಿಡಿದರು. ನನಗೆ ಸಮೋಸಾದ ಎಣ್ಣೆಯ ವಾಸನೆ ಮೂಗಿಗೆ ಬಂದಂತಾಯಿತು.

ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಬಂತು, ನನ್ನ ಮೇಲೇ. ಚೂರನ್ನು ಇಸಕೊಂಡು ಅದಕ್ಕೆ ಅಂಟಿದ್ದ ಮಣ್ಣು ನೋಡಿದೆ. ಕರಿ ಮಣ್ಣು, ಅದರಲ್ಲಿ ಹುಲ್ಲಿನ ಬೇರು. ಎರಡು ಮೀಟರು ಕೆಳಗೆ ಬೂದು ಜೇಡಿಯಲ್ಲಿ ಹುಲ್ಲಿನ ಬೇರು ಎಲ್ಲಿಂದ ಬರಬೇಕು. ಮೇಲಿನ ಅಂಚಿನ ಹೊಲದ ಮಣ್ಣು ಕುಸಿದು ಬಕೆಟ್ಟಿಗೆ ಬಿದ್ದಿತ್ತು, ಅಜ್ಜನ ಆಲೂಗಡ್ಡೆ ಸಾಲಿನಲ್ಲಿ ಯಾರದೋ ಕಪ್ಪು ಒಡೆದಿತ್ತು. ಡೆನ್ನಿಸನಿಗೆ ಹೇಳಿ ಮೇಲಿನ ಅಂಚನ್ನು ಒಂದು ಮಾರು ಹಿಂದಕ್ಕೆ ಕೆರೆಸಿದೆ, ಬಕೆಟ್ಟು ತೊಳೆಸಿದೆ. ಮತ್ತೆ ಅಗೆಸಿದೆ. ಜೇಡಿಯ ತಳದವರೆಗೂ ಒಂದು ಗಾಜಿಲ್ಲ, ಮೊಳೆಯಿಲ್ಲ, ಮೂಳೆಯಿಲ್ಲ.

ಆದರೂ ಹ್ಯಾರಿಸ್ ಕೇಳಿದ ಪ್ರಶ್ನೆ ಉಳಿದಿತ್ತು, ತಂದು ಸುರಿದಿಲ್ಲ ಅಂತ ಹೇಗೆ ಹೇಳೋದು. ಅದಕ್ಕೆ ನಾನು ತಯಾರಾಗಿ ಹೋಗಿದ್ದೆ. ಕಂಪಾಸು ಹಿಡಿದು ಗುಂಡಿಗೆ ಇಳಿದೆ. ಗೋಡೆಯಲ್ಲಿ ಹುದುಗಿದ್ದ ಉದ್ದನೆಯ ಕಲ್ಲುಗಳ ಸುತ್ತಲಿನ ಮಣ್ಣನ್ನು ಚಾಕುವಿನಿಂದ ಬಿಡಿಸಿ, ಪ್ರತಿಯೊಂದೂ ಯಾವ ಕಡೆ ತಲೆ ಹಾಕಿ ಮಲಗಿದೆ ಅಂತ ಅಳೆದೆ. ಗಾಡಿಯಿಂದ ಸುರಿದ ಕಲ್ಲು ಹೇಗೆಂದರೆ ಹಾಗೆ ಬೀಳ್ತದೆ. ಹಿಮ ಎಳೆದುಕೊಂಡು ಬಂದ ಕಲ್ಲು ಎಳೆದ ದಿಕ್ಕಿಗೇ ತಿರುಗಿ ಮಲಗ್ತದೆ. ಒಂದೊಂದೇ ಅಳತೆ ಕೂಗಿ ಹೇಳಿದೆ, ಹ್ಯಾರಿಸ್ ಮೇಲೆ ನಿಂತು ಬರೆದುಕೊಂಡರು. ಉತ್ತರ. ಉತ್ತರ. ಉತ್ತರಕ್ಕೆ ಸ್ವಲ್ಪ ಓರೆ. ಮತ್ತೆ ಉತ್ತರ. ಹತ್ತನೆಯದಕ್ಕೆ ಅವರು ಬರೆಯೋದು ನಿಲ್ಲಿಸಿ ಗುಂಡಿಯೊಳಗೆ ಬಗ್ಗಿ ನೋಡಿದರು. ಹದಿನೈದನೆಯದಕ್ಕೆ ಅವರು ತಮ್ಮ ಒಳ್ಳೆಯ ಪ್ಯಾಂಟು ಹಾಕಿಕೊಂಡೇ ಗುಂಡಿಗೆ ಇಳಿದು ಬಂದು, ನನ್ನ ಕೈಯಿಂದ ಕಂಪಾಸು ಇಸಕೊಂಡು, ಉಳಿದ ಹತ್ತನ್ನು ತಾವೇ ಅಳೆದರು. ಇಪ್ಪತ್ತೈದರಲ್ಲಿ ನಾಲ್ಕು ಬಿಟ್ಟು ಎಲ್ಲವೂ ಒಂದೇ ಸಾಲು. ಗೆದ್ದೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಕೆಸರಿನಲ್ಲಿ ನಿಂತೇ ಒಮ್ಮೆ ಜೋರಾಗಿ ನಕ್ಕುಬಿಟ್ಟೆ.

ಮೊರೀನ್ ಬೇಲಿ ಹಾರಿ ಬಂದು ಏನಾಯಿತು ಅಂದಳು. ಗುಂಡಿಯ ಅಂಚಿನಲ್ಲಿ ಕೂತು ಅವಳ ಟೀ ಕುಡೀತಾ ಹೇಳಿದೆ. ಹಿಮ ಗಟ್ಟಿ ಅಂತ ನಾವು ಅಂದುಕೊಳ್ತೀವಿ. ಅದು ಬೆಟ್ಟದಷ್ಟು ದಪ್ಪ ಆದಾಗ ತನ್ನ ಭಾರಕ್ಕೆ ತಾನೇ ಬಾಗಿ ಜೋನಿ ಬೆಲ್ಲದ ಹಾಗೆ ನಿಧಾನ ಹರೀತದೆ. ತಳದಲ್ಲಿ ಒಂದಿಷ್ಟು ಕರಗಿ ನೀರಾಗ್ತದೆ, ಆ ನೀರಿನ ಮೇಲೆ ಇಡೀ ಬೆಟ್ಟ ಜಾರ್ತದೆ. ನೀರು ಬಂಡೆಯ ಬಿರುಕಿಗೆ ಇಳಿದು ಮತ್ತೆ ಗಟ್ಟಿಯಾದಾಗ ಬಂಡೆಯ ತುಂಡನ್ನೇ ಕಿತ್ತು ಜೊತೆಗೆ ಒಯ್ತದೆ. ಆ ತುಂಡುಗಳು ನೆಲಕ್ಕೆ ಉಜ್ಜಿ ಗೀರು ಬೀಳ್ತವೆ, ಒಂದಕ್ಕೊಂದು ತಿಕ್ಕಿ ಹಿಟ್ಟಾಗ್ತವೆ. ಹಳೇ ಸಮುದ್ರದ ತಳದ ಕೆಸರು ಕಲ್ಲಾಗಿ, ಅದರೊಳಗಿನ ಸಿಂಪಿಯೂ ಕಲ್ಲಾಗಿ ದೂರದ ಉತ್ತರದಲ್ಲೆಲ್ಲೋ ಬಿದ್ದಿತ್ತು, ಹಿಮ ಅದನ್ನು ಇಲ್ಲಿವರೆಗೆ ಹೊತ್ತು ತಂತು. ಹೊಳೆಯಾದರೆ ಹಸನು ಮಾಡ್ತದೆ, ದೊಡ್ಡ ಕಲ್ಲು ಅಲ್ಲಿ, ಮರಳು ಇಲ್ಲಿ, ಕೆಸರು ಕೊನೆಗೆ. ಹಿಮಕ್ಕೆ ಆ ಬುದ್ಧಿ ಇಲ್ಲ, ತಂದದ್ದನ್ನೆಲ್ಲ ಕಲಸಿ ಇಟ್ಟುಬಿಡ್ತದೆ. ಅದಕ್ಕೇ ನಾನು ಮೋಸ ಹೋದೆ ಅಂದೆ. ಮೊರೀನ್ ಎಲ್ಲ ಕೇಳಿ, ಹಾಗಾದರೆ ಶಾಲೆ ಆಗ್ತದೋ ಇಲ್ಲವೋ ಅಂದಳು. ಆಗ್ತದೆ ಅಂತ ಹ್ಯಾರಿಸ್ ಹೇಳಿದರು. ಅವಳು ಅವರ ಕೆಸರು ಕೋಟನ್ನು ತಬ್ಬಿಕೊಂಡಳು. ಬಿದಿರು ಗಳ ಅಲ್ಲಾಡದೆ ನಿಂತಿತ್ತು.

ಆಫೀಸಿಗೆ ಬಂದು ಹಳೇ ಹಾಳೆ ಮುಂದಿಟ್ಟುಕೊಂಡೆ. ಹೊಸ ಹಾಳೆಯಲ್ಲಿ ಸರಿಯಾಗಿ ಬರೆದು ಹಳೆಯದನ್ನು ಹರಿದರೆ ಯಾರಿಗೂ ಗೊತ್ತಾಗೋದಿಲ್ಲ ಅಂತ ಡೆನ್ನಿಸ್ ಪಿಸುಗುಟ್ಟಿದ, ಪಾಪ, ನನ್ನ ಒಳ್ಳೆಯದಕ್ಕೇ. ನಾನು ಪೆನ್ನು ತೆಗೆದು ಕಸದ ಸಾಲಿನ ಮೇಲೆ ಒಂದು ಗೆರೆ ಹೊಡೆದೆ. ಪಕ್ಕದಲ್ಲಿ, ಕಸವಲ್ಲ, ಹಿಮ ತಂದ ಮಣ್ಣು, ತಪ್ಪು ನನ್ನದು ಅಂತ ಬರೆದು ಸಹಿ ಹಾಕಿ ಹ್ಯಾರಿಸ್ ಮೇಜಿನ ಮೇಲಿಟ್ಟೆ. ಅವರು ತಲೆ ಎತ್ತಲಿಲ್ಲ. ಸೋಮವಾರ ಎಂಟು ಗಂಟೆಗೆ ಹೊಸ ಸೈಟು, ಬೂಟು ನಿನ್ನ ಅಳತೆಯದು ತರಿಸಿದ್ದೀನಿ ಅಂದರು. ನನ್ನ ಆರು ತಿಂಗಳ ವಿಷಯದಲ್ಲಿ ಅವರು ಆಡಿದ್ದು ಅಷ್ಟೇ. ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಖುಷಿಗೆ ಅತ್ತುಬಿಟ್ಟೆ.

ಈಗಿನವರು ಹಾಳೆ ಮೇಲೆ ಬರೆಯೋದಿಲ್ಲ. ಟ್ಯಾಬ್ಲೆಟ್ಟಿನಲ್ಲಿ ಪಟ್ಟಿ ಬರ್ತದೆ, ಬೆರಳಿಟ್ಟು ಮಣ್ಣಿನ ಹೆಸರು ಆರಿಸ್ತಾರೆ, ಫೋಟೋ ತಗೀತಾರೆ, ನಕ್ಷೆ ತಾನಾಗಿ ಬಿಚ್ಚಿಕೊಳ್ತದೆ. ಒಳ್ಳೆಯದೇ, ನನ್ನಂಥ ತಪ್ಪು ಆಗೋದಿಲ್ಲ. ಆದರೆ ಫೋಟೋದಲ್ಲಿ ಸಿಂಪಿ ಭಾರ ಇದೆಯೋ ಹಗುರ ಇದೆಯೋ ಗೊತ್ತಾಗೋದಿಲ್ಲ. ಕೈಯಲ್ಲಿ ಹಿಡೀರಿ. ಗೊತ್ತಾಗದಿದ್ದರೆ ಮನೆಯ ಹಿರಿಯರ ಕೈಗೆ ಕೊಟ್ಟು ನೋಡ್ರಿ. ಆ ನಂತರದ ಇಷ್ಟು ವರ್ಷಗಳಲ್ಲಿ ಸೈಟಿನ ಕಲ್ಲು ತೊಳೆದು ಮರಕ್ಕೆ ಹಾಕದೆ ನಾನು ಒಂದು ವರದಿಯನ್ನೂ ಕಳಿಸಲಿಲ್ಲ. ನನ್ನ ತಂಡದವರು ಆಫೀಸಿಗೇ ಒಂದು ಮರ ತರಿಸಿಕೊಂಡರು, ಅದನ್ನು ಅವರೂ ಮರ ಅಂತಲೇ ಕರೀತಾರೆ.

ಶಾಲೆ ಎದ್ದಿತು. ಕೆಲ್ಲಿ ಮೊದಲ ವರ್ಷದ ಮಕ್ಕಳ ಜೊತೆಯಲ್ಲೇ ಸೇರಿದಳು, ಈಗ ಅಲ್ಲೇ ಟೀಚರು. ಬಾಗಿಲ ಹತ್ತಿರದ ಕಪಾಟಿನಲ್ಲಿ ನಮ್ಮ ಅತ್ತೆಯವರು ತೂಗಿ ನೋಡಿದ ಆ ಕಲ್ಲು ಸಿಂಪಿ ಇದೆ. ಮಕ್ಕಳು ಅದನ್ನು ಕೈಗೆ ತಗೊಂಡು, ಅದೇ ರೀತಿ ಎರಡು ಸಲ ಹಾರಿಸಿ, ಕೈಸನ್ನೆಯಲ್ಲಿ ಭಾರ ಅಂತ ಒಬ್ಬರಿಗೊಬ್ಬರು ಹೇಳ್ತಾರೆ. ಅತ್ತೆಯವರು ಈಗಿಲ್ಲ. ಇದ್ದಿದ್ದರೆ ಬಹಳ ಬೀಗ್ತಿದ್ದರು.

ಹೋದ ವರ್ಷ ನನ್ನ ಬೀಳ್ಕೊಡುಗೆಗೆ ಹ್ಯಾರಿಸ್ ಬಂದಿದ್ದರು. ಎಂಬತ್ತು ದಾಟಿದೆ, ಕೈಯಲ್ಲಿ ಕೋಲು, ಮಾತು ಇನ್ನೂ ಗಿಡ್ಡ. ಎಲ್ಲರೂ ಕೇಕು ತಿನ್ನುವಾಗ ನನ್ನನ್ನು ಕಿಟಕಿಯ ಕಡೆ ಕರೆದು ಒಂದು ಲಕೋಟೆ ಕೊಟ್ಟರು. ಒಳಗೆ ಹಾರ್ನ್‌ಚರ್ಚಿನ ಆ ಹಾಳೆ. ಹಳೇ ಕಡತ ತೆಗೆದುಹಾಕುವಾಗ ಕೇಳಿ ಇಸಕೊಂಡಿದ್ದರಂತೆ. ಆ ದಿನ ಅವರ ಮೇಜಿನ ಮೇಲಿಟ್ಟ ಮೇಲೆ ಅದನ್ನು ನಾನು ಮತ್ತೆ ನೋಡಿರಲೇ ಇಲ್ಲ. ನನ್ನ ಗೆರೆ, ನನ್ನ ಸಾಲು, ನನ್ನ ಸಹಿ ಇತ್ತು. ಅದರ ಕೆಳಗೆ ಹ್ಯಾರಿಸ್ ಅವರ ಹಳೇ ಸಹಿಯ ಮೇಲೂ ಒಂದು ಗೆರೆ ಇತ್ತು. ಪಕ್ಕದಲ್ಲಿ ಅದೇ ಗುರುವಾರದ ತಾರೀಖು ಹಾಕಿ, ಅವರ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಮಣ್ಣು ಮುಟ್ಟದೆ ಸಹಿ ಹಾಕಿದೆ. ತಪ್ಪು ನನ್ನದು."

ಅವರ ಗೆರೆ ನನ್ನದಕ್ಕಿಂತ ನೇರವಾಗಿತ್ತು, ಸ್ಕೇಲು ಇಟ್ಟು ಎಳೆದಿದ್ದರು.